ಇಂಡಕ್ಷನ್ ಒಲೆ: ದೋಷ ಸೆನ್ಸರಿನದೇ?

ಈ ಬಾರಿ ಇಂಡಕ್ಷನ್ ಒಲೆಗೆ ಸಂಬಂಧಿಸಿದ ಪತ್ರಗಳನ್ನು ಒಂದೆಡೆ ಸೇರಿಸಿ ಉತ್ತರಿಸಲಾಗಿದೆ. ಒಲೆಯ ಪರದೆಯ ಮೇಲೆ ‘ಇ’ ಅಕ್ಷರದ ಜೊತೆಗೆ ಒಂದು ಅಂಕಿ ಮೂಡುವುದು, ಒಲೆ ಸದ್ದು ಮಾಡಿ ನಿಲ್ಲುವುದು, ರಿಪೇರಿಯವರು ‘ಸೆನ್ಸರ್ ಹೋಗಿದೆ’ ಎನ್ನುವುದು ಬಹುತೇಕ ಎಲ್ಲ ಪತ್ರಗಳಲ್ಲೂ ಇದೆ. ಯಾವ ಅಂಕಿಗೆ ಯಾವ ಅರ್ಥ ಎಂಬುದು ಕಂಪನಿಯಿಂದ ಕಂಪನಿಗೆ, ಒಂದೇ ಕಂಪನಿಯಲ್ಲಿ ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ಇಲ್ಲಿ ಅಂಕಿಗಳನ್ನು ಹೆಸರಿಸಿಲ್ಲ; ನಿಮ್ಮ ಒಲೆಯ ಜೊತೆ ಬಂದ ಪುಸ್ತಿಕೆಯನ್ನೇ ನೋಡಬೇಕು. ತಯಾರಕರೆಲ್ಲರೂ ಒಂದೇ ಕೋಡ್ ಪಟ್ಟಿಯನ್ನು ಒಪ್ಪಿಕೊಂಡಿದ್ದರೆ ಇಂತಹ ಅರ್ಧದಷ್ಟು ಪತ್ರಗಳು ಬರುತ್ತಲೇ ಇರಲಿಲ್ಲ ಎಂಬುದು ನಮ್ಮ ಅನಿಸಿಕೆ. ಕೋಡ್ ಯಾವುದು ಎಂಬುದಕ್ಕಿಂತ ಅದು ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನು ಗಮನಿಸಿದರೆ ದೋಷ ಪತ್ತೆ ಹೆಚ್ಚು ಸುಲಭವಾಗುತ್ತದೆ.

ಪ್ರಶ್ನೆ: ನಮ್ಮ ಇಂಡಕ್ಷನ್ ಒಲೆ ಬೇಸಿಗೆಯಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ. ಮಳೆಗಾಲ ಹಿಡಿದ ಮೇಲೆ ಬೆಳಿಗ್ಗೆ ಸ್ವಿಚ್ ಹಾಕಿದ ಕೂಡಲೇ ದೋಷದ ಕೋಡ್ ತೋರಿಸುತ್ತದೆ. ಪುಸ್ತಿಕೆಯ ಪ್ರಕಾರ ಅದು ಗಾಜಿನ ಕೆಳಗಿನ ಸೆನ್ಸರಿನ ಕೋಡ್. ಸೆನ್ಸರ್ ಬದಲಾಯಿಸಿದರೂ ಪ್ರಯೋಜನವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಲವೊಮ್ಮೆ ತಾನಾಗಿಯೇ ಸರಿಹೋಗುತ್ತದೆ. ಹೊಸ ಸೆನ್ಸರೂ ಕೆಟ್ಟದ್ದೇ ಬಂದಿರಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಹೊಸ ಸೆನ್ಸರ್ ಬಹುಶಃ ಸರಿಯಾಗಿಯೇ ಇದೆ, ಹಳೆಯದೂ ಸರಿಯಾಗಿಯೇ ಇದ್ದಿರಬಹುದು. ಮಳೆಗಾಲದಲ್ಲಿ ಬಂದು ಮಧ್ಯಾಹ್ನಕ್ಕೆ ಮಾಯವಾಗುವ ದೋಷ ಸಾಮಾನ್ಯವಾಗಿ ಸೆನ್ಸರಿನದ್ದಲ್ಲ, ಅದರ ತಂತಿಗಳು ಬಂದು ಸೇರುವ ಬೋರ್ಡಿನ ಮೇಲಿನ ತೇವದ್ದು.

ಹೀಗೇಕಾಗುತ್ತದೆ ಎಂಬುದಕ್ಕೆ ಸೆನ್ಸರ್ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿಯಬೇಕು. ಮನೆಬಳಕೆಯ ಇಂಡಕ್ಷನ್ ಒಲೆಯಲ್ಲಿ ಸಾಮಾನ್ಯವಾಗಿ ಎರಡು ತಾಪಮಾನ ಸೆನ್ಸರ್‌ಗಳಿರುತ್ತವೆ. ಒಂದು, ತಾಮ್ರದ ಕಾಯಿಲ್‌ನ ನಡುವೆ, ಮೇಲಿನ ಗಾಜಿಗೆ ಒತ್ತಿಕೊಂಡಿರುತ್ತದೆ. ಇನ್ನೊಂದು, ಕಾಯಿಲ್‌ಗೆ ವಿದ್ಯುತ್ ಹರಿಸಿ ನಿಲ್ಲಿಸುವ ಐಜಿಬಿಟಿ ಎಂಬ ಬಿಡಿಭಾಗವನ್ನು ಕೂರಿಸಿದ, ಶಾಖವನ್ನು ಹೊರಬಿಡುವ ಅಲ್ಯೂಮಿನಿಯಂ ಹೀಟ್‌ಸಿಂಕ್‌ನ ಬಳಿ ಇರುತ್ತದೆ. ಎರಡೂ ಥರ್ಮಿಸ್ಟರ್‌ಗಳು, ಅಂದರೆ ಬಿಸಿಯಾದಂತೆ ರೋಧ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಕಡಿಮೆಯಾಗುವ ಪುಟ್ಟ ಮಣಿಗಳು. ಗಾಜಿನ ಕೆಳಗೆ ಹೆಚ್ಚಾಗಿ ಬಳಕೆಯಾಗುವ ಮಣಿಯ ರೋಧ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಕಿಲೋಓಮ್ ಇರುತ್ತದೆ. ಬೋರ್ಡಿನಲ್ಲಿರುವ ಮೈಕ್ರೊಕಂಟ್ರೋಲರ್, ಅಂದರೆ ಒಲೆಯನ್ನು ನಿಯಂತ್ರಿಸುವ ಚಿಪ್, ಈ ಮಣಿಗೂ ಇನ್ನೊಂದು ಸ್ಥಿರ ರೋಧಕಕ್ಕೂ ನಡುವೆ 5 ವೋಲ್ಟ್ ಹೇಗೆ ಹಂಚಿಹೋಗುತ್ತದೆ ಎಂಬುದನ್ನು ಅಳೆದು ತಾಪಮಾನವನ್ನು ಲೆಕ್ಕ ಹಾಕುತ್ತದೆ.

100 ಕಿಲೋಓಮ್ ಎಂಬುದು ದೊಡ್ಡ ರೋಧ. ಬೋರ್ಡಿನ ಮೇಲೆ ಸೆನ್ಸರಿನ ಎರಡು ಕಾಲುಗಳ ನಡುವೆ ಧೂಳು, ಒಗ್ಗರಣೆಯ ಎಣ್ಣೆಹಬೆ, ಜಿರಳೆಯ ಹಿಕ್ಕೆ ಸೇರಿ ಪದರಗಟ್ಟಿ, ಅದು ಮಳೆಗಾಲದ ತೇವವನ್ನು ಹೀರಿಕೊಂಡಾಗ ಆ ಪದರದ ಮೂಲಕ ವಿದ್ಯುತ್ ಅಷ್ಟಿಷ್ಟು ಸೋರುತ್ತದೆ. ಆ ಸೋರಿಕೆಯ ದಾರಿ 20 ಕಿಲೋಓಮ್‌ನಷ್ಟಿದೆ ಎಂದುಕೊಳ್ಳಿ. ಅದು 100 ಕಿಲೋಓಮ್‌ಗೆ ಸಮಾಂತರವಾಗಿ ಸೇರಿದಾಗ ಮೈಕ್ರೊಕಂಟ್ರೋಲರ್‌ಗೆ ಕಾಣಿಸುವುದು ಸುಮಾರು 17 ಕಿಲೋಓಮ್ ಮಾತ್ರ. ಆಗ ತಣ್ಣಗಿರುವ ಗಾಜು 70 ಡಿಗ್ರಿಯಷ್ಟು ಬಿಸಿಯಾಗಿದೆ ಎಂದು ಅದು ತಿಳಿಯುತ್ತದೆ. ಸೋರಿಕೆ ಇನ್ನೂ ಹೆಚ್ಚಿ ಆ ದಾರಿಯ ರೋಧ ಒಂದು ಕಿಲೋಓಮ್‌ಗೆ ಇಳಿದರೆ ಓದು 180 ಡಿಗ್ರಿ ದಾಟುತ್ತದೆ. ಅಲ್ಲಿಂದ ಮುಂದೆ ಒಲೆ ಕೋಡ್ ತೋರಿಸಿ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ.

ಇದನ್ನು ಒಲೆ ಬಿಚ್ಚದೆಯೇ ಊಹಿಸುವ ದಾರಿಯೊಂದಿದೆ. ಅಡುಗೆಯಾದ ಮೇಲೆ ಗಾಜು ಇನ್ನೂ ಬಿಸಿಯಿದೆ ಎಂದು ಎಚ್ಚರಿಸಲು ಅನೇಕ ಮಾದರಿಗಳು ಪರದೆಯ ಮೇಲೆ ‘ಎಚ್’ ಅಕ್ಷರವನ್ನು ತೋರಿಸುತ್ತವೆ. ರಾತ್ರಿಯೆಲ್ಲ ತಣ್ಣಗಿದ್ದ ಒಲೆಗೆ ಬೆಳಿಗ್ಗೆ ವಿದ್ಯುತ್ ಕೊಟ್ಟೊಡನೆ ಈ ಅಕ್ಷರ ಕಾಣಿಸಿಕೊಂಡರೆ ಸೆನ್ಸರಿನ ದಾರಿಯಲ್ಲಿ ಎಲ್ಲೋ ಸೋರಿಕೆಯಿದೆ ಎಂದು ಅನುಮಾನಿಸಬಹುದು. ಪರಿಹಾರವೆಂದರೆ ಬೋರ್ಡನ್ನು, ಅದರಲ್ಲೂ ಸೆನ್ಸರಿನ ಎರಡು ಕಾಲಿನ ಕನೆಕ್ಟರ್ ಮತ್ತು ಅದರ ಪಕ್ಕದ ಸಣ್ಣ ಕೆಪಾಸಿಟರ್‌ನ ಸುತ್ತ, ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆಯ ಬ್ರಷ್‌ನಿಂದ ತೊಳೆಸಿ, ಪೂರ್ತಿ ಒಣಗಿಸಿ, ಬೋರ್ಡಿಗೆಂದೇ ಸಿಗುವ ಪಾರದರ್ಶಕ ವಾರ್ನಿಷ್ ಹಚ್ಚಿಸುವುದು. ಸೀಮೆಎಣ್ಣೆ ಬಳಸಬಾರದು, ಕೈಗೆ ಹಚ್ಚುವ ಸ್ಯಾನಿಟೈಸರ್ ಕೂಡ ಬೇಡ, ಅದರಲ್ಲಿರುವ ಗ್ಲಿಸರಿನ್ ಹಿಂದೆ ಉಳಿದು ಮತ್ತೆ ತೇವ ಹಿಡಿಯುತ್ತದೆ. ತೊಳೆದ ಮೇಲೂ ದೋಷ ಉಳಿದರೆ ಆ ಸಣ್ಣ ಕೆಪಾಸಿಟರ್ ತಾನೇ ಸೋರುತ್ತಿರಬಹುದು. ಅದನ್ನು ಬದಲಾಯಿಸುವುದು ಬೆಸುಗೆ ಬಲ್ಲವರಿಗೆ ಸಣ್ಣ ಕೆಲಸ. ಜಿರಳೆಗಳು ಒಳಸೇರುವುದು ತಳದ ಗಾಳಿಕಿಂಡಿಗಳಿಂದ. ಕಿಂಡಿಗಳಿಗೆ ಬಟ್ಟೆ ಅಥವಾ ಟೇಪ್ ಹಚ್ಚಿ ಮುಚ್ಚುವುದು ಇದಕ್ಕಿಂತ ದೊಡ್ಡ ತೊಂದರೆಗೆ ದಾರಿ. ಬಳಸದ ಹೊತ್ತಿನಲ್ಲಿ, ಒಲೆ ತಣಿದ ಮೇಲೆ, ಸಿಂಕ್‌ನಿಂದ ದೂರ ಒಣಗಿದ ಜಾಗದಲ್ಲಿಡುವುದೇ ಮೇಲು.

ಪ್ರಶ್ನೆ: ಸೆನ್ಸರ್ ಸಿಗಲಿಲ್ಲವೆಂದು ಹೇಳಿ ರಿಪೇರಿಯವರು ಅದರ ಜಾಗಕ್ಕೆ ಒಂದು ಸಣ್ಣ ರೆಸಿಸ್ಟರ್ ಹಾಕಿಕೊಟ್ಟಿದ್ದಾರೆ. ಈಗ ಕೋಡ್ ಬರುವುದಿಲ್ಲ, ಒಲೆ ಚೆನ್ನಾಗಿಯೇ ನಡೆಯುತ್ತಿದೆ. ಹೀಗೆಯೇ ಬಳಸಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬಳಸಬಾರದು. 100 ಕಿಲೋಓಮ್‌ನ ಸ್ಥಿರ ರೆಸಿಸ್ಟರ್ ಹಾಕಿದರೆ ಗಾಜು ಸದಾ 25 ಡಿಗ್ರಿಯಲ್ಲಿದೆ ಎಂದೇ ಒಲೆ ನಂಬುತ್ತದೆ. ಪಾತ್ರೆಯ ನೀರು ಆರಿ ತಳ ಕೆಂಪಾಗುವಷ್ಟು ಕಾದರೂ ಅದು ನಿಲ್ಲುವುದಿಲ್ಲ. ಕೆಲವು ಮಾದರಿಗಳು ಕಾಯಿಸಲು ಆರಂಭಿಸಿದ ಮೇಲೂ ಓದು ಬದಲಾಗದಿದ್ದರೆ ಅದನ್ನೇ ದೋಷವೆಂದು ಗ್ರಹಿಸಿ ನಿಲ್ಲುತ್ತವೆ. ನಿಮ್ಮದು ನಿಲ್ಲುತ್ತಿಲ್ಲವೆಂದರೆ ಆ ಕಾವಲೂ ಇಲ್ಲ ಎಂದರ್ಥ. ಬೋರ್ಡ್ ಸರಿಯಿದೆಯೇ ಎಂದು ಕೆಲವು ಕ್ಷಣ ನೋಡಲು ತಂತ್ರಜ್ಞರು ಈ ಉಪಾಯ ಮಾಡುವುದುಂಟು, ಆದರೆ ಅದನ್ನು ಹಾಗೆಯೇ ಬಿಟ್ಟು ಗ್ರಾಹಕರ ಕೈಗೆ ಕೊಡುವುದು ರಿಪೇರಿಯಲ್ಲ. ಸರಿಯಾದ ಸೆನ್ಸರ್ ಹಾಕಿಸುವವರೆಗೆ ಒಲೆಯನ್ನು ಪ್ಲಗ್‌ನಿಂದ ಬಿಡಿಸಿಡಿ.

ಪ್ರಶ್ನೆ: ಸ್ವಿಚ್ ಹಾಕಿ ಪಾತ್ರೆಯಿಟ್ಟ ಕ್ಷಣದಲ್ಲೇ ಸೆನ್ಸರ್ ದೋಷದ ಕೋಡ್ ಬರುತ್ತದೆ, ಯಾವ ಋತುವಿನಲ್ಲೂ ಹೀಗೆಯೇ. ಇಡೀ ಬೋರ್ಡ್ ಬದಲಾಯಿಸಬೇಕೆಂದು ಅಂಗಡಿಯವರು ಹೇಳಿದ್ದಾರೆ. ನನ್ನ ಬಳಿ ಮಲ್ಟಿಮೀಟರ್ ಇದೆ, ಸ್ವಲ್ಪ ವಿದ್ಯುತ್ ಕೆಲಸವೂ ಬರುತ್ತದೆ. ಸೆನ್ಸರನ್ನು ನಾನೇ ಪರೀಕ್ಷಿಸಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಪರೀಕ್ಷಿಸಬಹುದು, ವಾರಂಟಿ ಮುಗಿದಿದ್ದರೆ ಮತ್ತು ಒಂದು ನಿಯಮವನ್ನು ಮೀರದಿದ್ದರೆ. ಬಿಚ್ಚಿದ ಒಲೆಗೆ ಯಾವ ಕಾರಣಕ್ಕೂ ವಿದ್ಯುತ್ ಕೊಡಬಾರದು. ಮೈಕ್ರೊಕಂಟ್ರೋಲರ್ ಐದೇ ವೋಲ್ಟ್‌ನಲ್ಲಿ ನಡೆಯುತ್ತದೆ ಎಂಬುದನ್ನು ನಂಬಿ ಅಲ್ಲಿ ಕೈಯಿಡುವಂತಿಲ್ಲ. ಈ ಒಲೆಗಳಲ್ಲಿ ಸಾಮಾನ್ಯವಾಗಿ ಆ ಐದು ವೋಲ್ಟ್‌ನ ಸರ್ಕ್ಯೂಟ್ ಮನೆಯ 230 ವೋಲ್ಟ್‌ನಿಂದ ಪ್ರತ್ಯೇಕವಾಗಿರುವುದಿಲ್ಲ, ಆದ್ದರಿಂದ ಪ್ಲಗ್ ಹಾಕಿರುವಾಗ ಸೆನ್ಸರಿನ ತಂತಿಯೂ, ಎಷ್ಟೋ ಮಾದರಿಗಳಲ್ಲಿ ಹೀಟ್‌ಸಿಂಕ್ ಕೂಡ, ಮುಟ್ಟಿದರೆ ಶಾಕ್ ಹೊಡೆಯುವಂತಿರುತ್ತವೆ. ಗಾಜಿನಲ್ಲಿ ಸೀಳು ಬಿಟ್ಟ ಒಲೆಯನ್ನು ಬಳಸಬಾರದು ಎನ್ನುವುದಕ್ಕೂ ಇದೇ ಕಾರಣ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು, ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ ಇಳಿದ ಮೇಲೆ, ತಳದ ಸ್ಕ್ರೂಗಳನ್ನು ತೆಗೆದು ಮೇಲಿನ ಭಾಗವನ್ನು ನಿಧಾನವಾಗಿ ಎತ್ತಿ. ಬಟನ್‌ಗಳ ಪ್ಯಾನೆಲ್‌ನಿಂದ ಬೋರ್ಡಿಗೆ ಹೋಗುವ ತಂತಿಗಳು ಗಿಡ್ಡವಾಗಿರುತ್ತವೆ, ಎಳೆದು ಹರಿಯಬೇಡಿ.

ಕಾಯಿಲ್‌ನ ನಡುವೆ ಸಿಲಿಕೋನ್ ರಬ್ಬರ್‌ನ ಹಿಡಿಯಲ್ಲಿ ಕುಳಿತಿರುವ ಮಣಿಯೇ ಸೆನ್ಸರ್. ಅದರ ಎರಡು ತಂತಿಗಳು ಬೋರ್ಡಿಗೆ ಸೇರುವ ಕನೆಕ್ಟರನ್ನು ಕೀಳಿ. ಎಳೆಯುವುದು ಪ್ಲಾಸ್ಟಿಕ್ ತುದಿಯನ್ನು ಹಿಡಿದು, ತಂತಿಯನ್ನಲ್ಲ. ಬೋರ್ಡಿನಲ್ಲಿ ಕೂತಿರುವಾಗಲೇ ಅಳೆದರೆ ಇತರ ರೋಧಕಗಳೂ ಸೇರಿಕೊಂಡು ಅಂಕಿ ತಪ್ಪಾಗುತ್ತದೆ. ಮಲ್ಟಿಮೀಟರನ್ನು 200 ಕಿಲೋಓಮ್ ಶ್ರೇಣಿಗೆ ತಿರುಗಿಸಿ. 20 ಕಿಲೋಓಮ್ ಶ್ರೇಣಿಯಲ್ಲಿಟ್ಟರೆ ಒಳ್ಳೆಯ ಸೆನ್ಸರಿಗೂ ಮೀಟರ್ ಎಡತುದಿಯಲ್ಲಿ ಒಂಟಿ ‘1’ ತೋರಿಸುತ್ತದೆ. ಅಳತೆ ಶ್ರೇಣಿ ಮೀರಿದೆ ಎಂಬುದಷ್ಟೇ ಅದರ ಅರ್ಥ, ಆದರೆ ಅಷ್ಟಕ್ಕೇ ಸೆನ್ಸರ್ ಸತ್ತಿದೆ ಎಂದು ತೀರ್ಮಾನಿಸುವವರಿದ್ದಾರೆ. ಅಳೆಯುವಾಗ ಮೀಟರಿನ ಎರಡೂ ತುದಿಗಳ ಲೋಹವನ್ನು ಬೆರಳಿನಿಂದ ಒತ್ತಿ ಹಿಡಿಯಬೇಡಿ, ನಿಮ್ಮ ಮೈಯ ರೋಧವೂ ಸೇರಿ ಅಂಕಿ ಕೆಳಗಿಳಿಯುತ್ತದೆ.

100 ಕಿಲೋಓಮ್‌ನ ಸಾಮಾನ್ಯ ಮಣಿಯಾದರೆ 20 ಡಿಗ್ರಿಯಲ್ಲಿ ಸುಮಾರು 125, 25ರಲ್ಲಿ 100, 30ರಲ್ಲಿ 80 ಕಿಲೋಓಮ್ ಬರಬೇಕು. ಬಳಿಕ ಮಣಿಯನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ನೀರು ತಗಲದಂತೆ ಬಿಸಿನೀರಿನ ಲೋಟದಲ್ಲಿ ಇಳಿಬಿಡಿ. 60 ಡಿಗ್ರಿಯ ಹೊತ್ತಿಗೆ ಅದು 25 ಕಿಲೋಓಮ್‌ನ ಆಸುಪಾಸಿಗೆ ಇಳಿಯಬೇಕು, ಕುದಿಯುವ ನೀರಿನಲ್ಲಿ 7ರ ಹತ್ತಿರಕ್ಕೆ. ಇಲ್ಲಿ ಅಂಕಿಗಳ ನಿಖರತೆಗಿಂತ ಇಳಿಯುವ ಬಗೆ ಮುಖ್ಯ: ಒಳ್ಳೆಯ ಸೆನ್ಸರಿನ ಓದು ಒಂದೇ ಸಮನೆ ಇಳಿದು, ತಣಿದಾಗ ಒಂದೇ ಸಮನೆ ಏರುತ್ತದೆ. ನಡುವೆ ಹಾರಿದರೆ, ಅಥವಾ ಮಣಿಯ ಬುಡದಲ್ಲಿ ತಂತಿಯನ್ನು ಮೆಲ್ಲಗೆ ಬಾಗಿಸಿದಾಗ ಓದು ಕಡಿದುಹೋದರೆ, ಮಣಿ ಸೀಳಿದೆ ಅಥವಾ ತಂತಿ ಒಳಗೇ ತುಂಡಾಗಿದೆ. 2 ಮೆಗಾಓಮ್‌ನ ಶ್ರೇಣಿಯಲ್ಲೂ ಏನೂ ತೋರಿಸದಿದ್ದರೆ ದಾರಿ ಪೂರ್ತಿ ಕಡಿದಿದೆ; ಸೊನ್ನೆಯ ಬಳಿ ನಿಂತರೆ ಶಾರ್ಟ್ ಆಗಿದೆ. ನೀವು ಬರೆದಂತೆ ಪಾತ್ರೆಯಿಟ್ಟ ಕ್ಷಣದಲ್ಲೇ ಬರುವ ಕೋಡ್‌ಗೆ ಹೆಚ್ಚಾಗಿ ಈ ಎರಡರಲ್ಲಿ ಒಂದು ಕಾರಣ. ಬೇರೆ ಅಳತೆಯ ಮಣಿ ಬಳಸುವ ಮಾದರಿಗಳೂ ಇರುವುದರಿಂದ, 25 ಡಿಗ್ರಿಯ ಬಳಿ 10 ಅಥವಾ 50 ಕಿಲೋಓಮ್ ಬಂದು ಬಿಸಿಗೆ ಸಮನಾಗಿ ಇಳಿದರೆ ಅದನ್ನು ಕೆಟ್ಟದ್ದೆಂದು ಎಸೆಯಬೇಡಿ.

ಸೆನ್ಸರ್ ಕೆಟ್ಟಿದ್ದರೆ ಬೋರ್ಡ್ ಬದಲಾಯಿಸುವ ಅಗತ್ಯವಿಲ್ಲ. ಇದು ಒಲೆಯ ಅತಿ ಅಗ್ಗದ ಬಿಡಿಭಾಗಗಳಲ್ಲಿ ಒಂದು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ತಂತಿ, ಕನೆಕ್ಟರ್ ಸಮೇತ ಸಿಗುತ್ತದೆ. ಹಳೆಯದನ್ನು ಜೊತೆಗೆ ಒಯ್ದು ರೋಧ, ತಂತಿಯ ಉದ್ದ, ಕನೆಕ್ಟರ್ ಮೂರನ್ನೂ ಹೊಂದಿಸಿಕೊಳ್ಳಿ. ಗಾಜಿನ ಕವಚದ ಈ ಮಣಿ ನೋಡಲು 4148 ಎಂಬ ಸಣ್ಣ ಡಯೋಡ್‌ನಂತೆಯೇ ಇರುತ್ತದೆ. ಮೀಟರಿನ ತುದಿಗಳನ್ನು ಅದಲುಬದಲು ಮಾಡಿದಾಗಲೂ ಅದೇ ಅಂಕಿ ಬಂದರೆ ಥರ್ಮಿಸ್ಟರ್. ಡಯೋಡ್ ಒಂದೇ ದಿಕ್ಕಿನಲ್ಲಿ ವಿದ್ಯುತ್ ಹರಿಯಗೊಡುತ್ತದೆ. ಇಷ್ಟೆಲ್ಲ ನೋಡಿ ಸೆನ್ಸರ್ ಸರಿಯಿದೆ ಎಂದಾದರೆ ಕನೆಕ್ಟರಿನ ಪಿನ್‌ಗಳ ಕಿಲುಬು, ಅದರ ಬುಡದ ಬೆಸುಗೆಯ ಬಿರುಕು ನೋಡಿ. ಅಲ್ಲೂ ಏನೂ ಸಿಗದಿದ್ದರೆ ಅಂಗಡಿಯವರ ಮಾತು ನಿಜವಿರಬಹುದು.

ಪ್ರಶ್ನೆ: ಅಡುಗೆ ಆರಂಭಿಸಿ ಎಂಟು ಹತ್ತು ನಿಮಿಷದ ಬಳಿಕ ಕೋಡ್ ಬಂದು ಒಲೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ನಡೆಯುತ್ತದೆ. ಇದು ಐಜಿಬಿಟಿ ಸೆನ್ಸರಿನ ದೋಷವೆಂದು ಪುಸ್ತಿಕೆಯಲ್ಲಿದೆ. ಆ ಸೆನ್ಸರ್ ಬದಲಾಯಿಸಿದರೆ ಸಾಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಫ್ಯಾನ್ ನೋಡಿ. ಕಡಿದ ಅಥವಾ ಶಾರ್ಟ್ ಆದ ಸೆನ್ಸರ್ ಹತ್ತು ನಿಮಿಷ ಸುಮ್ಮನಿದ್ದು ಆಮೇಲೆ ದೂರು ಹೇಳುವುದು ಅಪರೂಪ. ತಣಿದ ಮೇಲೆ ಮತ್ತೆ ನಡೆಯುವ ಒಲೆ ನಿಜವಾಗಿಯೂ ಒಳಗೆ ಕಾಯುತ್ತಿದೆ, ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ. ಒಲೆ ನಡೆಯುತ್ತಿರುವಾಗ ತಳದ ಗಾಳಿಕಿಂಡಿಯ ಬಳಿ ತೆಳುವಾದ ಕಾಗದದ ಚೂರೊಂದನ್ನು ಹಿಡಿದರೆ ಗಾಳಿ ಅದನ್ನು ಒಳಕ್ಕೆ ಸೆಳೆದುಕೊಳ್ಳಬೇಕು, ಗಾಳಿ ಹೊರಬರುವ ಬದಿಯಲ್ಲಿ ಚೂರು ಹೊರಕ್ಕೆ ಹಾರಬೇಕು. ಎರಡೂ ಆಗದಿದ್ದರೆ ಫ್ಯಾನ್ ನಿಂತಿದೆ ಅಥವಾ ಎಣ್ಣೆಜಿಡ್ಡು ಸೇರಿದ ಧೂಳಿನಿಂದ ನಿಧಾನವಾಗಿದೆ. ಹೊಸ ಫ್ಯಾನ್ ಹಾಕಿಸುವಾಗ ಹಳೆಯದರ ಮೇಲೆ ಮುದ್ರಿಸಿರುವ ವೋಲ್ಟೇಜನ್ನೇ ನೋಡಿ ಕೊಳ್ಳಬೇಕು. 12 ವೋಲ್ಟ್‌ನವೂ 18 ವೋಲ್ಟ್‌ನವೂ ಬಳಕೆಯಲ್ಲಿವೆ, ಗಾತ್ರ ಒಂದೇ ಆಗಿರಬಹುದು. ಒಲೆಯ ಕೆಳಗೆ ಪತ್ರಿಕೆಯ ಹಾಳೆ ಅಥವಾ ಪ್ಲಾಸ್ಟಿಕ್ ಹಾಸುವ ಅಭ್ಯಾಸವಿದ್ದರೆ ಅದನ್ನು ಬಿಡಿ, ಅದು ಗಾಳಿಯ ಸೆಳೆತಕ್ಕೆ ಕಿಂಡಿಗೆ ಅಂಟಿಕೊಳ್ಳುತ್ತದೆ. ಗೋಡೆಗೆ ಒತ್ತಿ ಇಡುವುದೂ ಬೇಡ.

ಈ ಒಲೆಯಲ್ಲಿ ಹಿಂದೆ ಐಜಿಬಿಟಿ ಬದಲಾಯಿಸಿದ್ದರೆ ಇನ್ನೊಂದು ಅನುಮಾನವೂ ಇದೆ. ಐಜಿಬಿಟಿ ಮತ್ತು ಹೀಟ್‌ಸಿಂಕ್ ನಡುವೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಹಚ್ಚದೆ, ಅಥವಾ ಸ್ಕ್ರೂ ಬಿಗಿಯದೆ ಬಿಟ್ಟಿದ್ದರೆ ಫ್ಯಾನ್ ಚೆನ್ನಾಗಿದ್ದರೂ ಐಜಿಬಿಟಿ ಕಾಯುತ್ತದೆ. ಅದೇ ಸಮಯದಲ್ಲಿ ಸೆನ್ಸರ್ ತನ್ನ ಜಾಗದಿಂದ ಮೇಲೆದ್ದು ಗಾಳಿಯಲ್ಲಿ ನಿಂತಿದ್ದರೆ ಕೋಡ್ ಬರುವುದೇ ಇಲ್ಲ, ಐಜಿಬಿಟಿ ಮತ್ತೊಮ್ಮೆ ಸುಟ್ಟು ಫ್ಯೂಸ್ ಹಾರುತ್ತದೆ. ತಿಂಗಳೊಪ್ಪತ್ತಿನಲ್ಲಿ ಎರಡನೆಯ ಬಾರಿ ಐಜಿಬಿಟಿ ಸುಟ್ಟಿತು ಎಂದು ಬರೆದಿರುವ ಇತರ ಓದುಗರೂ ಇದನ್ನು ಗಮನಿಸಬೇಕು.

ಪ್ರಶ್ನೆ: ಯಾವ ಕೋಡೂ ಬರುವುದಿಲ್ಲ. ಆದರೆ ಕರಿಯಲು 180 ಡಿಗ್ರಿಗೆ ಇಟ್ಟರೂ ಎಣ್ಣೆ ಹೊಗೆಯಾಡುತ್ತದೆ. ಮೊದಲು ಹೀಗಿರಲಿಲ್ಲ. ಕೋಡ್ ಇಲ್ಲದಿದ್ದರೆ ಸೆನ್ಸರ್ ಸರಿಯಿದೆ ಎಂದಲ್ಲವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಅಲ್ಲ. ಈ ಸಂಚಿಕೆಯ ಎಲ್ಲ ಪತ್ರಗಳಲ್ಲಿ ನಮಗೆ ಹೆಚ್ಚು ಕಳವಳ ತಂದದ್ದು ನಿಮ್ಮ ಪತ್ರವೇ. ಕಡಿದ ಸೆನ್ಸರನ್ನು, ಶಾರ್ಟ್ ಆದ ಸೆನ್ಸರನ್ನು ಒಲೆ ತಾನೇ ಗುರುತಿಸಿ ನಿಲ್ಲುತ್ತದೆ. ಸುಳ್ಳು ಹೇಳುವ ಸೆನ್ಸರನ್ನು ಗುರುತಿಸಲು ಅದಕ್ಕೆ ದಾರಿಯಿಲ್ಲ. ಮಣಿ ಹಳತಾಗಿ ಅದರ ರೋಧ ಏರಿದ್ದರೆ, ಅಥವಾ ಮಣಿ ಮತ್ತು ಗಾಜಿನ ನಡುವಿನ ಬಿಳಿಯ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿ ಸಣ್ಣ ಗಾಳಿಯ ಪದರ ಉಂಟಾಗಿದ್ದರೆ, ಓದು ನಿಜವಾದ ತಾಪಮಾನಕ್ಕಿಂತ ಕೆಳಗಿರುತ್ತದೆ, ಆದರೆ ನಂಬಬಹುದಾದಷ್ಟು ಅಂಕಿಯೇ ಆಗಿರುತ್ತದೆ.

ಒಳ್ಳೆಯ ಒಲೆಯಲ್ಲೂ ಪರದೆಯ ಮೇಲಿನ ಅಂಕಿ ಎಣ್ಣೆಯ ತಾಪಮಾನವಲ್ಲ ಎಂಬುದನ್ನು ನೆನಪಿಡಬೇಕು. ಇಂಡಕ್ಷನ್‌ನಲ್ಲಿ ಕಾಯುವುದು ಪಾತ್ರೆಯ ತಳ. ಅಲ್ಲಿಂದ ಶಾಖ ಸರಿಯಾಗಿ ಹರಿಯದ ದಪ್ಪ ಗಾಜನ್ನು ದಾಟಿ ಕೆಳಗಿನ ಮಣಿಯನ್ನು ತಲುಪುವ ಹೊತ್ತಿಗೆ ಎಣ್ಣೆ ಮುಂದೆ ಹೋಗಿರುತ್ತದೆ. ಸಾಲದ್ದಕ್ಕೆ ಕಾಯಿಲ್ ಉಂಗುರದ ಆಕಾರದಲ್ಲಿರುವುದರಿಂದ ತಳ ಹೆಚ್ಚು ಕಾಯುವುದು ಆ ಉಂಗುರದ ಮೇಲೆ, ಸೆನ್ಸರ್ ಇರುವುದು ನಡುವೆ. ಕಾಲು ಲೀಟರಿಗಿಂತ ಕಡಿಮೆ ಎಣ್ಣೆಯನ್ನು ತೆಳು ಬಾಣಲೆಯಲ್ಲಿ ಹಾಕಿ 2,000 ವಾಟ್‌ಗೆ ಇಟ್ಟರೆ ಸುಮಾರು ಒಂದೂವರೆ ನಿಮಿಷದಲ್ಲಿ ಅದು 200 ಡಿಗ್ರಿ ಮುಟ್ಟಬಲ್ಲದು. ಅಷ್ಟು ವೇಗದ ಏರಿಕೆಯ ಹಿಂದೆ ಓಡಲು ಗಾಜಿನಡಿಯ ಸೆನ್ಸರಿಗೆ ಸಾಧ್ಯವಿಲ್ಲ.

ಆದ್ದರಿಂದ ಮೊದಲು ಪಾತ್ರೆಯನ್ನು ನೋಡಿ. ಬಾಣಲೆಯನ್ನು ಬೋರಲು ಮಾಡಿ ತಳಕ್ಕೆ ಅಡ್ಡಲಾಗಿ ಉಕ್ಕಿನ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿದರೆ ತಳ ಒಳಕ್ಕೆ ಸೆಳೆದುಕೊಂಡಿದೆ, ಸೆನ್ಸರಿನ ನೇರ ಮೇಲೆ ಪಾತ್ರೆ ಗಾಜನ್ನು ಮುಟ್ಟುತ್ತಲೇ ಇಲ್ಲ. ಸಮತಟ್ಟಾದ ತಳದ ಬೇರೊಂದು ಪಾತ್ರೆಯಲ್ಲಿ ಅಷ್ಟೇ ಎಣ್ಣೆಯನ್ನು ಕಡಿಮೆ ವಾಟ್‌ನಲ್ಲಿ ಕಾಯಿಸಿ, ಅಡುಗೆಯ ಥರ್ಮಾಮೀಟರ್ ಇದ್ದರೆ ಹೋಲಿಸಿ, ಪಕ್ಕದಲ್ಲೇ ನಿಂತಿರಿ. ಆಗಲೂ ಹೊಗೆಯಾಡಿದರೆ ದೋಷ ಒಲೆಯದ್ದು. ಪೇಸ್ಟ್ ಬದಲಾಯಿಸಿ, ಮಣಿಯ ರಬ್ಬರ್ ಹಿಡಿ ಗಾಜಿಗೆ ಒತ್ತುತ್ತಿದೆಯೇ ಎಂದು ನೋಡಿಸಿ, ಮೇಲಿನ ಮೈಸೂರಿನ ಉತ್ತರದಲ್ಲಿ ಹೇಳಿದಂತೆ ರೋಧ ಅಳೆಸಿ. 25 ಡಿಗ್ರಿಯಲ್ಲಿ 100ರ ಬದಲು 150 ಕಿಲೋಓಮ್ ತೋರಿಸುವ ಸೆನ್ಸರನ್ನು, ಒಲೆ ಕೋಡ್ ತೋರಿಸದಿದ್ದರೂ, ಇಟ್ಟುಕೊಳ್ಳಬೇಡಿ. ಅಲ್ಲಿಯವರೆಗೆ ಈ ಒಲೆಯಲ್ಲಿ ಕರಿಯುವುದನ್ನು ನಿಲ್ಲಿಸಿ. ನೀರು, ಬೇಳೆ, ಸಾರಿನಂತಹವು ನೀರಿರುವವರೆಗೆ 100 ಡಿಗ್ರಿಯ ಆಸುಪಾಸನ್ನು ಮೀರುವುದಿಲ್ಲ, ಎಣ್ಣೆಗೆ ಅಂತಹ ತಡೆಯಿಲ್ಲ.

ಪ್ರಶ್ನೆ: ಕಬ್ಬಿಣದ ದೋಸೆ ತವಾ ಇಟ್ಟರೆ ಒಲೆ ಆಗಾಗ ನಿಂತು ಮತ್ತೆ ಹೊತ್ತಿಕೊಳ್ಳುತ್ತದೆ. ಅನ್ನ, ಸಾರು ಮಾಡುವಾಗ ಏನೂ ತೊಂದರೆಯಿಲ್ಲ. ಸೆನ್ಸರ್ ದುರ್ಬಲವಾಗಿದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಇಲ್ಲ. ಎರಡು ದೋಸೆಗಳ ನಡುವೆ ಖಾಲಿ ತವಾ ಬಹಳ ಬೇಗ ಕಾಯುತ್ತದೆ, ಗಾಜಿನ ಮಿತಿ ಬಂದಾಗ ಸೆನ್ಸರ್ ನಿಲ್ಲಿಸುತ್ತದೆ, ತಣಿದಾಗ ಬಿಡುತ್ತದೆ. ಇದಲ್ಲದೆ ಕಡಿಮೆ ವಾಟ್‌ನಲ್ಲಿಟ್ಟಾಗ ಕೆಲವು ಸೆಕೆಂಡ್ ಪೂರ್ಣ ಶಕ್ತಿ, ಕೆಲವು ಸೆಕೆಂಡ್ ಬಿಡುವು ಎಂಬ ಕ್ರಮದಲ್ಲಿ ಕಾಯಿಸುವುದು ಅನೇಕ ಒಲೆಗಳ ಸಹಜ ರೀತಿ. ತವಾ ಮಧ್ಯಮ ವಾಟ್‌ನಲ್ಲೇ ಕಾಯಲಿ, ದೋಸೆ ಹುಯ್ಯುವ ಮುನ್ನ ನೀರು ಚಿಮುಕಿಸುವ ರೂಢಿಯನ್ನು ಬಿಡಬೇಡಿ. ಕೊನೆಯ ದೋಸೆ ತೆಗೆದ ಮೇಲೆ ಒಲೆಯನ್ನು ಅದರ ಬಟನ್‌ನಿಂದಲೇ ಆರಿಸಿ, ಒಳಗಿನ ಫ್ಯಾನ್ ತಾನಾಗಿ ನಿಂತ ನಂತರವೇ ಗೋಡೆಯ ಸ್ವಿಚ್ ಆಫ್ ಮಾಡಿ.